ಇಳಿವಯಸ್ಸಿನ ಕಂಠ, ಮಾಗಿದ ಗಾನ

“ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು” ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತಿದೆ. ಗಾದೆಯನ್ನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ವಿಸ್ತರಿಸಿ ಬರೆಯುವುದು ಸುಲಭ. ನಕ್ಕ ಚಿಗುರೆಲೆ ನಾನೇ ಎಂದು ಒಪ್ಪಿಕೊಳ್ಳುವುದು ಕಷ್ಟ. ಈ ಲೇಖನವನ್ನು ಆ ಒಪ್ಪಿಗೆಯಿಂದಲೇ ಆರಂಭಿಸುತ್ತೇನೆ.

ನಮ್ಮ ಮುತ್ಯಾ ತತ್ತ್ವಪದಗಳನ್ನು ಹಾಡುವವನು. ಅಮಾವಾಸ್ಯೆಯ ಭಜನೆಯಲ್ಲಿ ಏಕತಾರಿ ಹಿಡಿದು ಕುಳಿತನೆಂದರೆ ಬೆಳಗಿನ ಜಾವದವರೆಗೆ ಏಳುತ್ತಿರಲಿಲ್ಲವೆಂದು ಊರವರು ಹೇಳುತ್ತಾರೆ. ಆದರೆ ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವನಿಗೆ ಎಪ್ಪತ್ತು ಸಮೀಪಿಸಿತ್ತು. ದನಿ ಒಡೆದಿತ್ತು, ಮೇಲಿನ ಸ್ವರಕ್ಕೆ ಏರುವಾಗ ನಡುವೆ ತುಂಡಾಗುತ್ತಿತ್ತು. ನಾನು ಪಿ.ಯು.ಸಿ. ಓದುತ್ತಿದ್ದಾಗ ಒಂದು ರಾತ್ರಿ ಭಜನೆಯಲ್ಲಿ ಹಾಗೆ ದನಿ ತುಂಡಾಯಿತು. ಹಿಂದೆ ಕುಳಿತ ಹುಡುಗರು ನಕ್ಕರು. ನಾನೂ ಅವರ ನಡುವೆ ಇದ್ದೆ. ನಾನು ನಕ್ಕೆನೋ ಇಲ್ಲವೋ ಎಂದು ಈಗ ಯೋಚಿಸಿದರೆ, ನಕ್ಕೆ ಎನ್ನದೆ ಗತ್ಯಂತರವಿಲ್ಲ. ಅದಾದ ಮೇಲೆ ಮುತ್ಯಾ ಭಜನೆಗೆ ಹೋಗುವುದನ್ನು ಕ್ರಮೇಣ ಬಿಟ್ಟ. ಏಕತಾರಿ ಗೂಟಕ್ಕೆ ತೂಗುಬಿದ್ದಿತು.

ವಯಸ್ಸಾದ ಮೇಲೆ ಹಾಡುಗಾರನ ಕಂಠ ಕೆಡುತ್ತದೆ ಎಂಬುದು ಲೋಕದ ಅನುಭವ. ಕಂಠ ಕೆಟ್ಟಮೇಲೆ ಹಾಡು ಉಳಿಯುತ್ತದೆಯೇ? ಉಳಿದರೆ ಯಾವ ರೂಪದಲ್ಲಿ ಉಳಿಯುತ್ತದೆ? ಈ ಪ್ರಶ್ನೆಗೆ ನನಗೆ ಮೊದಲ ಉತ್ತರ ದೊರೆತದ್ದು ನಮ್ಮ ಕನ್ನಡ ಅಧ್ಯಾಪಕರು ಒಮ್ಮೆ ಕೇಳಿಸಿದ ಪಂಡಿತ ಮಲ್ಲಿಕಾರ್ಜುನ ಮನಸೂರರ ಇಳಿವಯಸ್ಸಿನ ಧ್ವನಿಮುದ್ರಣದಿಂದ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ; ಕೇಳಿ, ಓದಿ, ಬಲ್ಲವರನ್ನು ವಿಚಾರಿಸಿ ತಿಳಿದುಕೊಂಡಷ್ಟನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮೊದಲಿಗೆ ಕಂಠಕ್ಕೆ ಮುಪ್ಪು ಬರುವುದೆಂದರೇನು ಎಂಬುದನ್ನು ನೋಡೋಣ. ನಮ್ಮ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಸಣ್ಣ ಮಡಿಕೆಗಳಿವೆ. ಶ್ವಾಸಕೋಶದಿಂದ ಬರುವ ಗಾಳಿ ಅವುಗಳ ನಡುವೆ ಹಾಯುವಾಗ ಅವು ಕಂಪಿಸಿ ಧ್ವನಿ ಹುಟ್ಟುತ್ತದೆ. ವಯಸ್ಸಾದಂತೆ ಈ ಮಡಿಕೆಗಳ ಸ್ನಾಯು ತೆಳ್ಳಗಾಗುತ್ತದೆ, ಅವುಗಳ ಸ್ಥಿತಿಸ್ಥಾಪಕತೆ ತಗ್ಗುತ್ತದೆ. ಎರಡೂ ಪೂರ್ತಿಯಾಗಿ ಕೂಡದೆ ನಡುವೆ ಗಾಳಿ ಸೋರುತ್ತದೆ. ಸುತ್ತಲಿನ ಮೃದ್ವಸ್ಥಿ ಗಟ್ಟಿಯಾಗುತ್ತದೆ. ಎದೆಗೂಡು ಬಿಗಿಯಾಗಿ, ಒಮ್ಮೆಗೆ ತುಂಬಿಕೊಳ್ಳುವ ಉಸಿರಿನ ಪ್ರಮಾಣ ಇಳಿಯುತ್ತದೆ. ಇದರ ಫಲವಾಗಿ ದನಿಯಲ್ಲಿ ಕಂಪ ಕಾಣಿಸಿಕೊಳ್ಳುತ್ತದೆ, ದೀರ್ಘಸ್ವರ ನಿಲ್ಲದಾಗುತ್ತದೆ, ಏರುಸ್ವರ ಒಡೆಯುತ್ತದೆ. ಇದು ದೇಹಧರ್ಮ, ಇದರಲ್ಲಿ ಹಾಡುಗಾರನ ತಪ್ಪೇನೂ ಇಲ್ಲ. ದಿನನಿತ್ಯದ ಸಾಧನೆಯಿಂದ ಇದನ್ನು ಮುಂದೂಡಬಹುದೇ ಹೊರತು ಸಂಪೂರ್ಣವಾಗಿ ತಪ್ಪಿಸಲಾಗದು.

ಹಾಗಾದರೆ ದೇಹ ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಹಾಡುಗಾರ ಏನನ್ನಾದರೂ ಗಳಿಸುವನೆ? ಇದಕ್ಕೆ ಮನಸೂರರ ಬಾಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಮಲ್ಲಿಕಾರ್ಜುನ ಮನಸೂರರು 1910ರ ಕೊನೆಯಲ್ಲಿ ಧಾರವಾಡದ ಸಮೀಪದ ಮನಸೂರು ಗ್ರಾಮದಲ್ಲಿ ಒಕ್ಕಲುತನದ ಮನೆಯಲ್ಲಿ ಹುಟ್ಟಿದರು. ಶಾಲೆಯ ಓದನ್ನು ಎಳವೆಯಲ್ಲೇ ಬಿಟ್ಟು ನಾಟಕ ಕಂಪನಿ ಸೇರಿದರು. ಬಾಲನಟನ ಹಾಡಿಗೆ ಮಾರುಹೋದ ಅಪ್ಪಯ್ಯಸ್ವಾಮಿಗಳು ಮೊದಲ ಪಾಠ ಹೇಳಿದರು. ಅದು ಕರ್ನಾಟಕ ಸಂಗೀತದ ಪಾಠ. ಬಳಿಕ ಮಿರಜಿನಲ್ಲಿ ನೀಲಕಂಠಬುವಾ ಅಲೂರಮಠರ ಬಳಿ ಗ್ವಾಲಿಯರ್ ಘರಾಣೆಯ ಶಿಕ್ಷಣ ನಡೆಯಿತು. ಕೊನೆಗೆ ಮುಂಬಯಿಯಲ್ಲಿ ಜಯಪುರ-ಅತ್ರೌಲಿ ಘರಾಣೆಯ ಮೂಲಪುರುಷರಾದ ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜೀಖಾನರು ಗುರುಗಳಾಗಿ ದೊರೆತರು. ಆ ಭಾಗ್ಯ ಬಹುಕಾಲ ಉಳಿಯಲಿಲ್ಲ. 1937ರಲ್ಲಿ ಮಂಜೀಖಾನರು ತೀರಿಕೊಂಡರು. ಅವರ ತಮ್ಮ ಭುರ್ಜೀಖಾನರ ಬಳಿ ಮನಸೂರರು ಕಲಿಕೆಯನ್ನು ಮುಂದುವರಿಸಿದರು. ಈ ಕಥೆಯನ್ನೆಲ್ಲ ಅವರೇ ‘ನನ್ನ ರಸಯಾತ್ರೆ’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಮನಸೂರರ ಧ್ವನಿ ಮೊದಲು ಮುದ್ರಿತವಾದದ್ದು 1930ರ ದಶಕದಲ್ಲಿ, ಎಚ್.ಎಂ.ವಿ. ಸಂಸ್ಥೆಯ ತಟ್ಟೆಗಳ ಮೇಲೆ. ಇಲ್ಲಿ ಆ ತಟ್ಟೆಯ ವಿಚಾರವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಭಾರತದಲ್ಲಿ ಗ್ರಾಮಾಫೋನಿಗೆ ಹಾಡಿದವರಲ್ಲಿ ಮೊದಲಿಗರೆಂದು ಹೆಸರಾದ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದರು. ಆ ಕಾಲದ ತಟ್ಟೆ ಅರಗಿನಿಂದ ಮಾಡಿದ್ದು. ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಬಯಲಿನಲ್ಲಿ ಓಡಬೇಕಾದ ಕುದುರೆಯನ್ನು ಅಂಗಳದಲ್ಲಿ ಓಡಿಸಿದಂತೆ, ಒಂದು ತಾಸು ಬೇಕಾಗುವ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಬೇಕಿತ್ತು. ಅಂಥಲ್ಲಿ ಗೆಲ್ಲುವುದು ಚುರುಕಾದ, ತೀಕ್ಷ್ಣವಾದ, ಎಳೆಯ ಕಂಠ. ತರುಣ ಮನಸೂರರ ತಟ್ಟೆಗಳಲ್ಲಿ ಆ ಚುರುಕು ಇದೆ. ತಾನು ಮಿಂಚಿನಂತೆ ಹೊಳೆದು ಹೋಗುತ್ತದೆ, ಕೇಳಿದವನು ಬೆರಗಾಗುತ್ತಾನೆ. ಬೆರಗು ಮುಗಿಯುವಷ್ಟರಲ್ಲಿ ತಟ್ಟೆಯೂ ಮುಗಿದಿರುತ್ತದೆ.

1948ರಲ್ಲಿ ಅಮೆರಿಕೆಯಲ್ಲಿ ‘ಲಾಂಗ್ ಪ್ಲೇ’ ತಟ್ಟೆ ಬಂದಿತು. ನಿಮಿಷಕ್ಕೆ ಮೂವತ್ತಮೂರು ಸುತ್ತು ಚಿಲ್ಲರೆ ತಿರುಗುವ ಈ ತಟ್ಟೆಯ ಒಂದೊಂದು ಮಗ್ಗುಲಿಗೂ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದ ಸಂಗೀತ ಹಿಡಿಸಿತು. ನಮ್ಮ ದೇಶಕ್ಕೂ ಅದು ಬಂದು, ಹಿಂದೂಸ್ತಾನಿ ಗಾಯಕರು ರಾಗವನ್ನು ಬಿಡಿಸಿ ಹಾಡಲು ಮೊದಲ ಬಾರಿಗೆ ಅವಕಾಶವಾಯಿತು. ಮನಸೂರರ ಪಾಲಿಗೆ ಈ ಅವಕಾಶ ಒದಗಿದಾಗ ಅವರು ಅರವತ್ತರ ಆಸುಪಾಸಿನಲ್ಲಿದ್ದರು. ಕೀರ್ತಿಯೂ ಅವರಿಗೆ ಆಗಲೇ ಬಂತು. ಪದ್ಮಶ್ರೀ 1970ರಲ್ಲಿ, ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ 1971ರಲ್ಲಿ, ಪದ್ಮಭೂಷಣ 1976ರಲ್ಲಿ, ಮಧ್ಯಪ್ರದೇಶ ಸರಕಾರದ ಕಾಳಿದಾಸ ಸಮ್ಮಾನ 1981ರಲ್ಲಿ, ಪದ್ಮವಿಭೂಷಣ 1992ರಲ್ಲಿ. ಅದೇ 1992ರ ಸೆಪ್ಟೆಂಬರ್ 12ರಂದು ಅವರು ಕಾಲವಾದರು. ಎಂದರೆ, ಬೇರೆಯವರು ಪಿಂಚಣಿ ತೆಗೆದುಕೊಂಡು ಕಟ್ಟೆಯ ಮೇಲೆ ಕುಳಿತುಕೊಳ್ಳುವ ವಯಸ್ಸಿನಲ್ಲಿ ಈ ಪುರುಷನ ನಿಜವಾದ ದುಡಿಮೆಯ ಕಾಲ ಆರಂಭವಾಯಿತು. ಇಂದು ನಾವು ಮನಸೂರರ ಗಾನವೆಂದು ಕೇಳುವುದು ಬಹುಮಟ್ಟಿಗೆ ಅರವತ್ತು ದಾಟಿದವನ ಕಂಠವನ್ನೇ.

ಆ ಮುದ್ರಣಗಳಲ್ಲಿ ನಾವು ಏನನ್ನು ಕೇಳಬೇಕು? ಜಯಪುರ ಘರಾಣೆಯ ಪದ್ಧತಿಯಲ್ಲಿ ತಾಳವಿಲ್ಲದ ಆಲಾಪವನ್ನು ಬಹಳ ಹೊತ್ತು ಬೆಳೆಸುವುದಿಲ್ಲ. ಷಡ್ಜ ಹಿಡಿದು, ರಾಗದ ಮುಖವನ್ನು ನಾಲ್ಕು ಗೆರೆಗಳಲ್ಲಿ ತೋರಿಸಿ, ನೇರವಾಗಿ ಚೀಜಿಗೆ ಬರುತ್ತಾರೆ. ತೀರ ನಿಧಾನವೂ ಅಲ್ಲದ, ಅವಸರವೂ ಅಲ್ಲದ ಲಯದಲ್ಲಿ ತಬಲಾ ನಡೆಯುತ್ತಿರುತ್ತದೆ. ಆಕಾರದಲ್ಲಿ ಸ್ವರಗಳು ಒಂದರ ಬೆನ್ನಿಗೆ ಒಂದು ಹೆಣೆದುಕೊಂಡು, ತಾಳದ ಪೆಟ್ಟುಗಳ ಸಂದಿಯಲ್ಲಿ ಹಾಯ್ದು, ಕಟ್ಟಕಡೆಗೆ ಸಮಕ್ಕೆ ಬಂದು ಕೂಡುತ್ತವೆ. ಮಗ್ಗದಲ್ಲಿ ಹಾಸು ನಿಂತಿರುತ್ತದೆ, ಹೊಕ್ಕು ಓಡುತ್ತದೆ. ಎರಡೂ ಸೇರಿದಲ್ಲಿ ಬಟ್ಟೆ. ಇಲ್ಲಿ ತಾಳ ಹಾಸು, ಸ್ವರ ಹೊಕ್ಕು. ನೇಕಾರನಾಗಿದ್ದ ಜೇಡರ ದಾಸಿಮಯ್ಯನ ಮುದನೂರು ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಈ ಹೋಲಿಕೆ ನಮಗೆ ಪರಕೀಯವಲ್ಲ.

ಇನ್ನು ರಾಗಗಳ ಆಯ್ಕೆ. ಎಲ್ಲರೂ ಹಾಡುವ ರಾಗಗಳ ಜೊತೆಗೆ ಅಪರೂಪದ ರಾಗಗಳು ಮನಸೂರರ ವಿಶೇಷ: ಶಿವಮತ ಭೈರವ, ಬಹಾದುರಿ ತೋಡಿ, ಖಟ್, ಲಾಜವಂತಿ, ಏಕ ನಿಷಾದ ಬಿಹಾಗಡಾ, ಸಂಪೂರ್ಣ ಮಾಲಕಂಸ. ಮಾಲಕಂಸವೆಂಬುದು ರಿಷಭ, ಪಂಚಮಗಳಿಲ್ಲದ ಐದು ಸ್ವರಗಳ ರಾಗ. ಅದಕ್ಕೆ ಬಿಟ್ಟ ಎರಡು ಸ್ವರಗಳನ್ನೂ ಸೇರಿಸಿ, ಆದರೂ ಅದು ಮಾಲಕಂಸವೇ ಎಂದು ಕೇಳುವವನಿಗೆ ಅನಿಸುವಂತೆ ಹಾಡುವುದು ಸಂಪೂರ್ಣ ಮಾಲಕಂಸ. ಯಾವ ಸ್ವರವನ್ನು ಎಷ್ಟು ಮುಟ್ಟಬೇಕು, ಎಲ್ಲಿ ಮುಟ್ಟಿಯೂ ಮುಟ್ಟದಂತೆ ಹಾಯಬೇಕು ಎಂಬ ವಿವೇಕವಿಲ್ಲದಿದ್ದರೆ ರಾಗದ ಗುರುತೇ ಅಳಿಸಿಹೋಗುತ್ತದೆ. ಗಂಟಲಿನ ಬಲದಿಂದ ಇದು ಸಾಧಿಸದು. ವರ್ಷಗಟ್ಟಲೆ ಅದೇ ದಾರಿಯಲ್ಲಿ ನಡೆದು ಅದರ ಕಲ್ಲು ಮುಳ್ಳುಗಳನ್ನೆಲ್ಲ ಕತ್ತಲಲ್ಲೂ ಬಲ್ಲವನಿಗೆ ಮಾತ್ರ ಸಾಧ್ಯ.

ನಾನು ಕೇಳಿದ ಮುದ್ರಣದಲ್ಲಿ ದನಿ ನುಣುಪಾಗಿರಲಿಲ್ಲ. ಅದರಲ್ಲಿ ಒಂದು ಒರಟುತನವಿತ್ತು; ಬಿತ್ತುವ ಮುನ್ನ ಹರಗಿದ ಎರೆಹೊಲದಂಥ ಒರಟುತನ. ಮೊದಲ ಐದು ನಿಮಿಷ ನನಗೆ ಏನೂ ಹಿಡಿಸಲಿಲ್ಲವೆಂದೇ ಹೇಳಬೇಕು. ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಹಾಡುಗಾರ ಎಲ್ಲಿಯೂ ತನ್ನ ಕಂಠವನ್ನು ತೋರಿಸುತ್ತಿಲ್ಲ. ಕೇಳುವವನು ಮೆಚ್ಚಲಿ ಎಂದು ಒಂದು ಸ್ವರವನ್ನೂ ಹೆಚ್ಚಿಗೆ ಹಿಡಿಯುತ್ತಿಲ್ಲ. ಉಸಿರು ಎಲ್ಲಿ ತೆಗೆದುಕೊಂಡರೆಂದು ಹುಡುಕಿದರೂ ಸಿಗುವುದಿಲ್ಲ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಹುಟ್ಟಿರುತ್ತದೆ. ತರುಣನಿಗೆ ಉಸಿರು ಧಾರಾಳವಾಗಿರುವುದರಿಂದ ಅದನ್ನು ಖರ್ಚು ಮಾಡುವ ಬಗೆ ಗೊತ್ತಿರುವುದಿಲ್ಲ. ಮುದುಕನಿಗೆ ಉಸಿರು ಎಣಿಕೆಯದು. ಬಡವನ ಮನೆಯ ಗೃಹಿಣಿ ಜೋಳವನ್ನು ಅಳೆದು ಹಾಕುವಂತೆ ಅವನು ಉಸಿರನ್ನು ಅಳೆದು ಹಾಕುತ್ತಾನೆ. ಆ ಅಳತೆಯೇ ಒಂದು ಸೌಂದರ್ಯ. ಮನಸೂರರು ಕನ್ನಡ ವಚನಗಳನ್ನೂ ಹಾಡಿದ್ದಾರೆ. ಅಕ್ಕಮಹಾದೇವಿ ತಾನು ಕಂಡ ಕನಸನ್ನು ಗೆಳತಿಗೆ ಹೇಳುವ ವಚನವನ್ನು ಅವರ ಕಂಠದಲ್ಲಿ ಕೇಳಿದರೆ, ಪಠ್ಯಪುಸ್ತಕದಲ್ಲಿ ನಾವು ಅರ್ಥ ಬರೆದುಕೊಂಡದ್ದೇ ಬೇರೆ, ವಚನವೇ ಬೇರೆ ಎಂಬ ಅನುಮಾನ ಬಾರದಿರದು.

ಮನಸೂರರೊಬ್ಬರೇ ಇದಕ್ಕೆ ಸಾಕ್ಷಿಯಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದವರು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅವರ ತಟ್ಟೆಗಳು ಬಂದವು. ಅವುಗಳಲ್ಲಿ ಕೇಳುವುದು ತೆಳ್ಳನೆಯ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ತೊಂದರೆಯಾಗಿ, ಚಿಕಿತ್ಸೆಯ ನಂತರ ದನಿ ಗಂಡಸಿನದರಂತೆ ತಗ್ಗಿಹೋಯಿತು. ಬೇರೆಯವರಾಗಿದ್ದರೆ ತಂಬೂರಿಯನ್ನು ಕಟ್ಟಿಡುತ್ತಿದ್ದರೇನೋ. ಅವರು ಬದಲಾದ ದನಿಗೆ ತಕ್ಕಂತೆ ಶ್ರುತಿಯನ್ನು ಇಳಿಸಿಕೊಂಡರು. ಕಿರಾಣಾ ಘರಾಣೆಯ ನಿಧಾನಗತಿಯ ಬೆಳವಣಿಗೆಯನ್ನು ಆ ಗಂಭೀರ ದನಿಗೆ ಒಗ್ಗಿಸಿಕೊಂಡರು. ತೊಂಬತ್ತು ದಾಟಿದ ಮೇಲೂ ವೇದಿಕೆಯ ಮೇಲೆ ಕುಳಿತು ಹಾಡಿ, 2009ರಲ್ಲಿ ತೀರಿಕೊಂಡರು. ಕಳೆದುಹೋದ ಕಂಠಕ್ಕಾಗಿ ಅಳುತ್ತ ಕೂಡದೆ, ಉಳಿದ ಕಂಠದಲ್ಲಿ ಏನು ಸಾಧ್ಯವೆಂದು ಅವರು ಹುಡುಕಿದರು. ನಮಗೆ ಇಂದು ‘ಗಂಗೂಬಾಯಿಯವರ ದನಿ’ ಎಂದರೆ ನೆನಪಾಗುವುದು ಆ ಎರಡನೆಯ ದನಿಯೇ.

ಇನ್ನೊಂದು ಉದಾಹರಣೆಯನ್ನು ಸಾಗರದಾಚೆಯಿಂದ ಕೊಡುತ್ತೇನೆ. ಅಮೆರಿಕೆಯ ಮಿಸಿಸಿಪ್ಪಿ ಸೀಮೆ ನಮ್ಮ ಶಹಾಪುರದ ಕಡೆಯಂತೆ ಹತ್ತಿ ಬೆಳೆಯುವ ನಾಡು. ಅಲ್ಲಿಯ ಹತ್ತಿಯ ಹೊಲಗಳಲ್ಲಿ ಆಫ್ರಿಕೆಯಿಂದ ಹಿಡಿದು ತಂದ ಜನರ ಸಂತತಿ ಗುಲಾಮರಾಗಿ ದುಡಿಯಿತು. 1865ರಲ್ಲಿ ಕಾನೂನಿನ ಪ್ರಕಾರ ಗುಲಾಮಗಿರಿ ಹೋದರೂ, ಅವರು ಧಣಿಯ ಹೊಲವನ್ನು ಪಾಲಿಗೆ ಮಾಡುತ್ತ ಸಾಲದಲ್ಲಿಯೇ ಉಳಿದರು. ಆ ಜನರ ದುಡಿಮೆಯ ಹಾಡು, ದೇವರ ಹಾಡುಗಳಿಂದ ‘ಬ್ಲೂಸ್’ ಎಂಬ ಸಂಗೀತ ಹುಟ್ಟಿತು. ಅದರ ಕಟ್ಟಡ ಸರಳ: ಒಂದು ಸಾಲು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಉತ್ತರ ಕೊಡುವುದು. ಗಾಂಧಾರ ನಿಷಾದಗಳನ್ನು ತುಸು ಇಳಿಸಿ, ಅಳುವಿಗೂ ಹಾಡಿಗೂ ನಡುವೆ ತೂಗುವಂತೆ ಹಿಡಿಯುವುದು ಅದರ ಜೀವಾಳ.

ಮಿಸಿಸಿಪ್ಪಿ ಜಾನ್ ಹರ್ಟ್ ಎಂಬ ಒಕ್ಕಲಿಗ 1928ರಲ್ಲಿ ಕೆಲವು ತಟ್ಟೆಗಳಿಗೆ ಹಾಡಿದ. ಅವು ಮಾರಾಟವಾಗಲಿಲ್ಲ, ಮರುವರ್ಷವೇ ಆರ್ಥಿಕ ಕುಸಿತ ಬಂತು. ಅವನು ತನ್ನ ಹಳ್ಳಿಗೆ ಮರಳಿ ಹೊಲದ ಕೆಲಸಕ್ಕೆ ನಿಂತ. ಮೂವತ್ತೈದು ವರ್ಷ ಅವನನ್ನು ಯಾರೂ ಕೇಳಲಿಲ್ಲ. ಅವನ ಹಳೆಯ ಹಾಡೊಂದರಲ್ಲಿ ಅವನ ಊರಿನ ಹೆಸರಿತ್ತು. ಆ ಒಂದು ಗುರುತು ಹಿಡಿದು 1963ರಲ್ಲಿ ಒಬ್ಬ ತರುಣ ಹುಡುಕಿಕೊಂಡು ಹೋದ. ಎಪ್ಪತ್ತರ ಆ ಮುದುಕ ಇನ್ನೂ ಅಲ್ಲೇ ಇದ್ದ, ಹಾಡೂ ಅವನಲ್ಲಿತ್ತು. ಅದೇ ವರ್ಷ ನ್ಯೂಪೋರ್ಟಿನ ಜನಪದ ಸಂಗೀತೋತ್ಸವದಲ್ಲಿ ಅವನು ಸಾವಿರಾರು ಜನರ ಎದುರು ಹಾಡಿದ, ಹೊಸ ತಟ್ಟೆಗಳೂ ಬಂದವು. 1966ರಲ್ಲಿ ತೀರಿಕೊಂಡ. ಮೂರು ವರ್ಷ ತಡವಾಗಿದ್ದರೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅದೇ ಸೀಮೆಯ ಹತ್ತಿಯ ಹೊಲದಲ್ಲಿ ಬೆಳೆದ ಬಿ.ಬಿ. ಕಿಂಗ್ ಲೋಕವಿಖ್ಯಾತನಾದವನು. ಎಂಬತ್ತು ದಾಟಿದ ಮೇಲೆ, 2008ರಲ್ಲಿ, ಅವನು ತನ್ನ ಎಳವೆಯಲ್ಲಿ ಕೇಳಿದ ಹಳಬರ ಹಾಡುಗಳತ್ತ ಮರಳಿ ‘ಒನ್ ಕೈಂಡ್ ಫೇವರ್’ ಎಂಬ ಸಂಗ್ರಹವನ್ನು ಹೊರತಂದ. ಸ್ಟುಡಿಯೋದಲ್ಲಿ ಮಾಡಿದ ಅವನ ಕೊನೆಯ ಸಂಗ್ರಹ ಅದು. ಸಮಾಧಿಯನ್ನು ಚೊಕ್ಕಟವಾಗಿಡಿ ಎಂದು ಕೇಳಿಕೊಳ್ಳುವ ಹಳೆಯ ಹಾಡೊಂದು ಅದರಲ್ಲಿದೆ. ಇಪ್ಪತ್ತರ ತರುಣ ಅದನ್ನು ಹಾಡಿದರೆ ಅದು ಹಾಡು ಮಾತ್ರ. ಎಂಬತ್ತೆರಡರವನು ಹಾಡಿದರೆ ಅದು ಮಾತೂ ಹೌದು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸಬೇಕು. ಹಾಗಾದರೆ ಮುದುಕರು ಹಾಡಿದ್ದೆಲ್ಲ ಶ್ರೇಷ್ಠವೇ? ಖಂಡಿತ ಅಲ್ಲ. ನರೆಗೂದಲಿಗೆ ಚಪ್ಪಾಳೆ ತಟ್ಟುವುದು ಗೌರವವಾಗಬಹುದು, ರಸಿಕತೆಯಾಗದು. ಪ್ರಸಿದ್ಧ ಗಾಯಕರು ಇಳಿವಯಸ್ಸಿನಲ್ಲಿ ಹೆಸರಿನ ಬಲದಿಂದಲೇ ವೇದಿಕೆ ಏರಿ ಕೇಳುವವರನ್ನು ಮುಜುಗರಕ್ಕೆ ಈಡುಮಾಡುವುದೂ ಉಂಟು. ನನಗೆ ತೋರುವಂತೆ ಮಾಗುವುದಕ್ಕೂ ಬಾಡುವುದಕ್ಕೂ ನಡುವೆ ಮೂರು ವ್ಯತ್ಯಾಸಗಳಿವೆ. ಮೊದಲನೆಯದು, ಅಭ್ಯಾಸ ಕಡಿದಿರಬಾರದು. ಬಿಟ್ಟ ಹೊಲದಲ್ಲಿ ಬೆಳೆಯುವುದು ಕರಿಕೆ ಮಾತ್ರ. ಎರಡನೆಯದು, ತನ್ನ ದೇಹದ ಮಿತಿಯನ್ನು ಒಪ್ಪಿಕೊಂಡು, ಹಿಂದೆ ಮಾಡುತ್ತಿದ್ದುದರಲ್ಲಿ ಯಾವುದನ್ನು ಬಿಡಬೇಕೆಂಬ ವಿವೇಕವಿರಬೇಕು. ಮೂರನೆಯದು, ಹಾಡುಗಾರನಿಗೆ ಕಂಠಕ್ಕಿಂತ ದೊಡ್ಡದೊಂದು ಹೇಳುವುದಕ್ಕಿರಬೇಕು. ಕಂಠವೊಂದೇ ಬಂಡವಾಳವಾಗಿದ್ದವನು ಕಂಠ ಹೋದೊಡನೆ ದಿವಾಳಿಯಾಗುತ್ತಾನೆ. ರಾಗವನ್ನೋ ತತ್ತ್ವವನ್ನೋ ಬಂಡವಾಳ ಮಾಡಿಕೊಂಡವನಿಗೆ ಕಂಠವೆಂಬುದು ಗಾಡಿ. ಗಾಡಿ ಹಳೆಯದಾದರೂ ಸರಕು ಊರು ಮುಟ್ಟುತ್ತದೆ.

ಸರಕಿನ ಮಾತು ಬಂದಾಗ ನಮ್ಮ ನೆಲದ ವಿಚಾರ ಹೇಳದಿರಲಾಗದು. ಯಾದಗಿರಿ, ಶಹಾಪುರ, ಸುರಪುರದ ಸೀಮೆ ಬಡತನಕ್ಕೂ ಗುಳೆಗೂ ಹೆಸರಾಗಿದೆ. ನಮ್ಮ ತಂದೆಯೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಬರುವವರೇ. ಅವರು ಕಟ್ಟಿದ ಮನೆಗಳ ಲೆಕ್ಕ ಅವರಿಗೇ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ತುಳಿದವನು ನಾನೇ ಮೊದಲಿಗ. ಆದರೆ ಹಾಡಿನಲ್ಲಿ ಈ ಸೀಮೆ ಬಡದಲ್ಲ. ಮುದನೂರಿನ ದಾಸಿಮಯ್ಯ, ಕೆಂಭಾವಿಯ ಭೋಗಣ್ಣ, ಕೊಡೇಕಲ್ಲಿನ ಬಸವಣ್ಣ, ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರ, ಸುರಪುರದ ಆನಂದದಾಸರು, ಪಕ್ಕದ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬ, ಇವರೆಲ್ಲರ ನುಡಿಗಳು ಪುಸ್ತಕಕ್ಕೆ ಬರುವ ಮೊದಲು ಉಳಿದದ್ದು ಹಾಡುವವರ ಗಂಟಲಿನಲ್ಲಿ. ಪುಸ್ತಕಕ್ಕೆ ಬಂದ ಮೇಲೂ ಧಾಟಿ ಮಾತ್ರ ಗಂಟಲಿನಲ್ಲೇ ಉಳಿದಿದೆ. ಅಚ್ಚಿನಲ್ಲಿ ಪದ ಸಿಗುತ್ತದೆ; ಯಾವ ಪದಕ್ಕೆ ಯಾವ ಧಾಟಿ, ಎಲ್ಲಿ ನಿಲ್ಲಬೇಕು, ಎಲ್ಲಿ ಹಿಮ್ಮೇಳದವರು ಎತ್ತಿಕೊಳ್ಳಬೇಕು ಎಂಬುದು ಅಚ್ಚಿನಲ್ಲಿ ಸಿಗುವುದಿಲ್ಲ.

ಕಳೆದ ಮಾಗಿಯ ರಜೆಯಲ್ಲಿ ಊರಿಗೆ ಹೋದಾಗ, ಮನಸೂರರ ಮುದ್ರಣವನ್ನು ನನ್ನ ಮೊಬೈಲಿನಲ್ಲಿ ಮುತ್ಯಾನಿಗೆ ಕೇಳಿಸಿದೆ. ಅವನಿಗೆ ಹಿಂದೂಸ್ತಾನಿ ಸಂಗೀತ ಗೊತ್ತಿಲ್ಲ. ಕಣ್ಣು ಮುಚ್ಚಿ ಅರ್ಧ ತಾಸು ಕೇಳಿ, “ಈ ಮನಷ್ಯಾಗ ವಯಸ್ಸ ಎಷ್ಟೋ ತಮ್ಮಾ?” ಎಂದ. ಎಪ್ಪತ್ತರ ಮೇಲೆ ಎಂದೆ. “ಹಾಡಿನಾಗ ಅವ ಇಲ್ಲೇ ಇಲ್ಲ ನೋಡು, ಹಾಡಷ್ಟ ಅದ” ಎಂದ. ನಾನು ಮೂರು ವರ್ಷದ ಓದಿನಲ್ಲಿ ಇಷ್ಟು ಚಿಕ್ಕ ವಿಮರ್ಶೆಯನ್ನು ಬರೆದಿಲ್ಲ.

“ಮುತ್ಯಾ, ನೀನೂ ಒಂದು ಹಾಡು” ಎಂದೆ.

“ನಂದು ದನಿ ಒಡದು ಹೋಗ್ಯಾದ. ನಗತೀರಿ ನೀವು.”

ಆ ರಾತ್ರಿಯ ನಗೆಯನ್ನು ಅವನು ಮರೆತಿರಲಿಲ್ಲ. ನಾನು ಏನೂ ಹೇಳಲಾರದೆ ಗೂಟದ ಮೇಲಿನ ಏಕತಾರಿಯನ್ನು ಇಳಿಸಿ, ಧೂಳು ಒರೆಸಿ ಅವನ ಮುಂದಿಟ್ಟೆ. ಬಹಳ ಹೊತ್ತು ತಂತಿಯನ್ನು ಮೀಟುತ್ತ ಕುಳಿತ. ಆಮೇಲೆ ಹಿಂದೆ ಹಾಡುತ್ತಿದ್ದುದಕ್ಕಿಂತ ತಗ್ಗಿನ ಶ್ರುತಿ ಹಿಡಿದು ತನ್ನ ಗುರುವಿನಿಂದ ಕಲಿತ ಒಂದು ಪದವನ್ನು ಎತ್ತಿಕೊಂಡ. ನಮ್ಮೂರಿನಲ್ಲಿ ಬೇರೆ ಯಾರಿಗೂ ಬಾರದ ಪದ ಅದು. ದನಿ ಎರಡು ಕಡೆ ಒಡೆಯಿತು. ಒಡೆದಲ್ಲಿ ಅವನು ನಿಲ್ಲದೆ, ಆ ಮಾತನ್ನು ಹಾಡದೆ ಆಡಿ ಮುಂದೆ ಸಾಗಿದ. ಮೊದಲ ನುಡಿ, ಎರಡನೆಯ ನುಡಿ ಬಂದವು. ಮೂರನೆಯದಕ್ಕೆ ಬಾಯಿ ತೆರೆದವನು ಹಾಗೆಯೇ ಕುಳಿತುಬಿಟ್ಟ. ಏಕತಾರಿ ಮಾತ್ರ ನುಡಿಯುತ್ತಿತ್ತು. “ಇತ್ತಪ್ಪಾ, ಇಲ್ಲೇ ಇತ್ತು” ಎಂದು ಎದೆ ಮುಟ್ಟಿಕೊಂಡ. ನಾಲ್ಕನೆಯ ನುಡಿ ಹಾಡಿ ಮುಗಿಸಿದ. ಇದೆಲ್ಲವೂ ನನ್ನ ಮೊಬೈಲಿನಲ್ಲಿ ಮುದ್ರಿತವಾಗಿದೆ, ಆ ಮೌನವೂ ಸೇರಿ. ಮೂರನೆಯ ನುಡಿ ಇನ್ನೂ ನೆನಪಿಗೆ ಬಂದಿಲ್ಲ. ಅವನು ಹಾಡುವುದನ್ನು ಬಿಟ್ಟ ವರ್ಷಗಳಲ್ಲಿ ಅದು ಎಲ್ಲೋ ಕಳಚಿಬಿದ್ದಿದೆ. ಆ ವರ್ಷಗಳಿಗೆ ಕಾರಣವಾದ ನಗೆಯಲ್ಲಿ ನನ್ನದೂ ಪಾಲಿದೆ.

ಆದುದರಿಂದ ನನ್ನ ಸಹಪಾಠಿಗಳಲ್ಲಿ ಒಂದು ಬಿನ್ನಹ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಒಬ್ಬ ಹಾಡುವ ಹಿರಿಯರಿಲ್ಲದವರು ವಿರಳ. ಬೀಸುವ ಪದ ಬಲ್ಲ ಆಯಿ, ಭಜನೆಯ ಮುತ್ಯಾ, ಮೊಹರಮ್ಮಿನ ರಿವಾಯತ ಪದ ಹೇಳುವ ನೆರೆಮನೆಯ ಕಾಕಾ, ಯಾರಾದರೂ ಇದ್ದೇ ಇರುತ್ತಾರೆ. ಮನಸೂರರ ಧ್ವನಿಯನ್ನು ಹಿಡಿಯಲು ದೊಡ್ಡ ಕಂಪನಿ, ಆಕಾಶವಾಣಿ ಬೇಕಾಗಿದ್ದವು. ಇಂದು ಅದಕ್ಕೆ ಬೇಕಾದ ಯಂತ್ರ ನಮ್ಮೆಲ್ಲರ ಜೇಬಿನಲ್ಲಿದೆ. ಫ್ಯಾನು ನಿಲ್ಲಿಸಿ, ಬಾಗಿಲು ಮುಚ್ಚಿ, ಮೊಬೈಲನ್ನು ಹಾಡುವವರಿಂದ ಒಂದು ಮೊಳ ದೂರದಲ್ಲಿ ಮೆತ್ತನೆಯ ಬಟ್ಟೆಯ ಮೇಲಿಟ್ಟರೆ ಸಾಕು. ಮೊದಲು ಅವರ ಒಪ್ಪಿಗೆ ಕೇಳಬೇಕು. ಪದ ಯಾರದು, ಯಾರಿಂದ ಕಲಿತರು, ಯಾವ ಹೊತ್ತಿನಲ್ಲಿ ಹಾಡುವುದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಬೇಕು. ದನಿ ಒಡೆದರೆ ನಿಲ್ಲಿಸಬಾರದು, ಮರೆತರೆ ಅವಸರ ಮಾಡಬಾರದು. ಮುದ್ರಿಸಿದ್ದನ್ನು ಎರಡು ಕಡೆ ಇಟ್ಟುಕೊಂಡು, ಪದವನ್ನು ಕಾಗದದ ಮೇಲೂ ಬರೆದಿಡಬೇಕು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅವುಗಳಿಗೊಂದು ಕಪಾಟು ದೊರೆಯುವುದಾದರೆ ಅಧ್ಯಾಪಕವೃಂದಕ್ಕೆ ನಾವು ಋಣಿಗಳಾಗಿರುತ್ತೇವೆ.

ಜಾನ್ ಹರ್ಟನನ್ನು ಹುಡುಕಿಕೊಂಡು ಹೋದವನಿಗೆ ಮೂರು ವರ್ಷ ದೊರೆತವು. ನಮ್ಮ ಹಿರಿಯರ ಪಾಲಿಗೆ ಎಷ್ಟು ಉಳಿದಿದೆಯೋ ಬಲ್ಲವರಾರು? ಈ ಸಂಚಿಕೆ ತಮ್ಮ ಕೈಸೇರುವ ಹೊತ್ತಿಗೆ ನಮ್ಮ ಪರೀಕ್ಷೆಗಳು ಮುಗಿದು ನಾವೆಲ್ಲ ಊರುಗಳಿಗೆ ಮರಳಿರುತ್ತೇವೆ. ನಾನೂ ಹೋಗುತ್ತೇನೆ. ಮುತ್ಯಾ ಈಗ ಸಂಜೆಯ ಹೊತ್ತು ತಾನಾಗಿಯೇ ಏಕತಾರಿ ಹಿಡಿದು ಕೂಡುತ್ತಾನೆಂದು ಅವ್ವ ಫೋನಿನಲ್ಲಿ ಹೇಳಿದ್ದಾಳೆ. ಮೂರನೆಯ ನುಡಿ ಬಂದರೆ ಬರಲಿ, ಬಾರದಿದ್ದರೆ ಉಳಿದ ಪದಗಳಾದರೂ ಇವೆ. ಈ ಬಾರಿ ಹಿಂದೆ ಕೂಡದೆ ಅವನ ಎದುರಿಗೇ ಕೂಡುತ್ತೇನೆ.